ದೇವಿಂದ್ರನ ಕೆಂಪು ಡಬ್ಬಿಗಳು

ದೇವಿಂದ್ರ ಸತ್ತಾಗ ಮಂದಿಯೆಲ್ಲ ಕರೆಂಟು ಹೊಡೆದೇ ಸತ್ತಾನೆ ಅಂದುಕೊಂಡರು. ಶಹಾಪುರದಲ್ಲಿ ಇಪ್ಪತ್ತಾರು ವರ್ಷ ಮೋಟಾರ್ ವೈಂಡಿಂಗ್ ಮಾಡಿದವನು ಬೇರೆ ಯಾವುದರಿಂದ ಸಾಯಬೇಕು? ಆದರೆ ಕರೆಂಟು ಅವನಿಗೆ ಏನೂ ಮಾಡಿರಲಿಲ್ಲ. ಬಿ.ಪಿ. ಏರಿ, ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಲ್ಲೇ ವಾಲಿದ. ಕೈಯಲ್ಲಿ ತಾಮ್ರದ ತಂತಿ ಹಂಗೇ ಇತ್ತು. ಹೆಂಡತಿ ಸುಂದ್ರಮ್ಮ ಬಂದು ಒಂದೊಂದೇ ಬೆರಳು ಬಿಡಿಸಿ ತಂತಿ ತೆಗೆದಳು.

ಮಾತನಾಡಿಸಲು ಬಂದವರು ಅಂಗಳಕ್ಕೆ ಕಾಲಿಟ್ಟ ಕೂಡಲೇ ಕೇಳುತ್ತಿದ್ದರು. "ಕರೆಂಟೇನವ್ವಾ?"

"ಕರೆಂಟಿಗೆ ನನ್ನ ಗಂಡನ ಮ್ಯಾಲೆ ಮರ್ಯಾದಿ ಇತ್ತು. ನಿಮಗಿಲ್ಲ," ಎನ್ನುತ್ತಿದ್ದಳು ಸುಂದ್ರಮ್ಮ.

ಅವನು ಹತ್ತನೇತ್ತೆ ನಪಾಸು. ಆಕೆ ಐದನೇತ್ತೆಗೆ ಶಾಲೆ ಬಿಟ್ಟವಳು. ಆದರೂ ಆ ಮನುಷ್ಯ ಒಂದು ಪುಸ್ತಕ ಬರೆದ. ಕಾಗದದ ಮೇಲೆ ಅಲ್ಲ, ಕಂಪ್ಯೂಟರಿನಲ್ಲಿ. ಆರು ವರ್ಷ ಬರೆದ.

ಬರೆಯಲು ಹಚ್ಚಿದವನು ಸುರಪುರದ ಅಸದ. ಅಲ್ಲಿ ಕಂಪ್ಯೂಟರ್ ಕಲಿಸುವ ಸಣ್ಣ ಕ್ಲಾಸು ನಡೆಸುತ್ತಾನೆ. ಹೊಲಕ್ಕೆ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಯಾರಿಗೂ ತಿಳಿಯದು. ಬಂದಾಗ ಓಡಬೇಕು, ಹೋದಾಗ ಬಾಯಿ ಬಿಡಬೇಕು. ಅದಕ್ಕೆ ಅಸದ ಒಂದು ಪ್ರೋಗ್ರಾಂ ಮಾಡಿದ. ಹೆಸರು 'ಪಾಳಿ'. ಬೆಂಕಿಪೊಟ್ಟಣದಷ್ಟು ಬೋರ್ಡು. ಅದನ್ನು ಮೋಟಾರಿನ ಸ್ಟಾರ್ಟರ್ ಡಬ್ಬಿಯೊಳಗೆ ಕೂಡಿಸಿದರೆ ಕರೆಂಟು ಬಂದ ಕೂಡಲೇ ಮೋಟಾರು ತಾನೇ ಚಾಲೂ ಆಗುತ್ತದೆ. ಫೋನಿಗೆ ಸುದ್ದಿ ಬರುತ್ತದೆ. ಈ ಪ್ರೋಗ್ರಾಮಿಗೆ ಯಜಮಾನ ಇಲ್ಲ. ಬೇಕಾದವರು ತಗೊಳ್ಳಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು.

"ಊರ ಬಾವಿ ಇದ್ದಂಗ ನೋಡು," ಎಂದಿದ್ದ ದೇವಿಂದ್ರ.

"ಊರ ಬಾವ್ಯಾಗ ಎಲ್ಲಾರೂ ಕಸ ಹಾಕ್ತಾರ," ಎಂದಿದ್ದಳು ಸುಂದ್ರಮ್ಮ.

"ಅದಕ್ಕೇ ಬಾವಿ ಕಾಯ್ಲಾಕ ಒಬ್ಬ ಬೇಕು."

ಬೋರ್ಡು ಕೂಡಿಸುವುದು ಹೇಗೆ, ಕೆಟ್ಟರೆ ಏನು ನೋಡಬೇಕು, ಇದನ್ನೆಲ್ಲ ರೈತರಿಗೆ ತಿಳಿಯುವಂಗೆ ಬರೆಯುವುದು ದೇವಿಂದ್ರನ ಪಾಲಿಗೆ ಬಂತು. ಅಸದ ಕೊಟ್ಟ ಹಳೆ ಲ್ಯಾಪ್‌ಟಾಪಿನ ಮೇಲೆ ಎರಡು ಬೆರಳಿನಿಂದ ಕುಟ್ಟುತ್ತಿದ್ದ. ಬರೀ ಅಕ್ಷರ ಬರೆದರೆ ಸಾಲದು. ಗುರುತು ಹಾಕಬೇಕು. ಇದು ತಲೆಬರಹ, ಇದು ಪಟ್ಟಿ, ಇದು ಡಬ್ಬಿ ಅಂತ. ಆ ಗುರುತು ಓದಿ ಯಂತ್ರ ಪುಟ ಕಟ್ಟಿಕೊಡುತ್ತದೆ. ತಲೆಬರಹದ ಕೆಳಗೆ ಅದರ ಉದ್ದಕ್ಕೂ, ಲೆಕ್ಕದಲ್ಲಿ ಹಾಕುವಂಥ ಸಮದ ಗೆರೆ (=) ಸಾಲಾಗಿ ಹೊಡೆಯಬೇಕು. ಕನ್ನಡದ ಒತ್ತಕ್ಷರ ಎಣಿಸಲು ಆ ಯಂತ್ರಕ್ಕೆ ಬರುತ್ತಿರಲಿಲ್ಲ. ಗೆರೆ ಕಡಿಮೆ ಬಿತ್ತು ಅಂತ ಬೈಯುತ್ತಿತ್ತು. "ಎರಡು ಹೆಚ್ಚಿಗೇ ಹೊಡಿಯೂದು, ಸಾಲ ಕೊಟ್ಟವನ ಬಾಯಿ ಮುಚ್ಚಿದಂಗ," ಎಂದು ನಗುತ್ತಿದ್ದ.

ಅವನದೊಂದು ರೂಢಿ ಇತ್ತು. ಪುಟ ಮುಗಿದ ಮೇಲೆ ಸುಂದ್ರಮ್ಮನನ್ನು ಅಂಗಡಿಗೆ ಕರೆಯುತ್ತಿದ್ದ. ಒಂದು ಸ್ಟಾರ್ಟರ್ ಡಬ್ಬಿ, ಒಂದು ಬೋರ್ಡು, ಒಂದು ಸ್ಕ್ರೂಡ್ರೈವರ್ ಮುಂದಿಟ್ಟು, ಪುಟ ಓದುತ್ತಿದ್ದ. ಓದಿದಂಗೆ ಆಕೆ ಮಾಡಬೇಕು. ಎಲ್ಲಿ ಆಕೆಯ ಕೈ ನಿಂತಿತೋ ಅಲ್ಲಿ ಓದುವುದನ್ನು ನಿಲ್ಲಿಸಿ ಆ ಸಾಲು ಅಳಿಸುತ್ತಿದ್ದ.

"ನಾ ದಡ್ಡಿ ಅದೀನಿ, ಅದಕ್ಕ ತಿಳೀವಲ್ದು," ಎಂದರೆ, "ನೀ ನಿಂತಿ ಅಂದ್ರ ಪುಟ ದಡ್ಡ ಅದ," ಎನ್ನುತ್ತಿದ್ದ.

ಮುನ್ನೂರು ಹನ್ನೆರಡು ಪುಟ ಹಿಂಗೇ ಆದವು. ಒಂದೊಂದೂ ಆಕೆಯ ಕೈಯೊಳಗಿಂದ ಹಾದು ಹೋದದ್ದು.

ಕೆಂಪು ಡಬ್ಬಿಯ ಸಂಗತಿಯೂ ಹಂಗೇ. ಜೀವಕ್ಕೆ ಕುತ್ತು ಇರುವ ಕಡೆ ಕೆಂಪು ಚೌಕ ಹಾಕಿ, ಮೇಲೆ 'ಎಚ್ಚರಿಕೆ' ಎಂದು ಬರೆಯುತ್ತಿದ್ದ. ಸುಂದ್ರಮ್ಮ ಒಂದು ದಿನ ಅದನ್ನು ದಾಟಿಕೊಂಡು ಮುಂದಿನ ಹೆಜ್ಜೆಗೆ ಕೈ ಹಾಕಿದಳು. ಅವನು ಗಾಬರಿಯಾದ.

"ಅದನ್ನ ಓದ್ಲಿಲ್ಲೇನು?"

"ಎಚ್ಚರಿಕಿ ಬೀಡಿ ಪಾಕೀಟಿನ ಮ್ಯಾಲೂ ಇರ್ತದ. ಯಾರು ಓದ್ತಾರ? ಸಣ್ಣ ಹುಡುಗರು ಒಲಿ ಕಡಿ ಹೋದ್ರ ಏನಂತೀವಿ? ಮುಟ್ಟಬ್ಯಾಡ ಅಂತೀವಿ. ಹಂಗ ಬರಿ."

ಅವನು 'ಎಚ್ಚರಿಕೆ' ಅಳಿಸಿದ. ಆಮೇಲೆ ಅಸದನಿಗೆ ಫೋನು ಮಾಡಿದ. ಯಂತ್ರಕ್ಕೆ ಹೊಸದೊಂದು ಡಬ್ಬಿ ಕಲಿಸು, ಅದರ ಹೆಸರು 'ಮುಟ್ಟಬ್ಯಾಡ' ಅಂತ ಇರಲಿ ಎಂದ. ಅಸದ ಕಲಿಸಿದ. ಅಂದಿನಿಂದ ಎಲ್ಲ ಕೆಂಪು ಡಬ್ಬಿಗೂ ಅದೇ ಹೆಸರು. ಒಟ್ಟು ಅರವತ್ತೊಂದು.

ಅವನು ಹೋಗಿ ಎಂಟು ತಿಂಗಳಿಗೆ ಅಸದ ಬಂದ. ಫೋನು ಮುಂದೆ ಹಿಡಿದ.

"ವೈನಿ, ಅಣ್ಣನ ಪುಸ್ತಕ ಹೊಸ ಮನಿಗೆ ಬಂದದ ನೋಡ್ರಿ. ಹಳೆ ಯಂತ್ರ ಜಂಗು ಹಿಡಿದಿತ್ತು, ಯಾರೂ ದುರಸ್ತಿ ಮಾಡೂದಿಲ್ಲ ಈಗ. ಯಾದಗಿರಿ ಬಸವಕುಮಾರ ಅಂತ, ಇಂಜಿನಿಯರ್ ಹುಡುಗ, ಎಲ್ಲಾ ಪುಟ ಹೊಸ ಪದ್ಧತಿಗೆ ತಿರುಗಿಸ್ಯಾನ. ಗುರುತು ಹಾಕೂದು ಭಾಳ ಹಗುರ ಆಗ್ಯದ. ಸಮದ ಗೆರಿ ಹೊಡಿಯೂದೇ ಇಲ್ಲ."

"ಎಷ್ಟು ದಿನ ಹಿಡೀತು?"

"ಒಂದೇ ದಿನ ವೈನಿ. ತಿರುಗಿಸ್ಲಾಕ ಒಂದು ಪ್ರೋಗ್ರಾಂ ಬರದಾನ. ಅದೇ ಎಲ್ಲಾ ಮಾಡ್ತು."

ಆರು ವರ್ಷದ್ದು ಒಂದೇ ದಿನಕ್ಕೆ. ಸುಂದ್ರಮ್ಮ ಫೋನು ತಗೊಂಡು ಬೋರ್ಡು ಕೂಡಿಸುವ ಪುಟ ತೆಗೆಸಿದಳು. ಬೆರಳಿಟ್ಟು ಓದಿದಳು. ಅಕ್ಷರ ದುಂಡಗೆ, ಚೆಂದ ಇದ್ದವು. ಮೂರನೇ ಹೆಜ್ಜೆ: ಮೇನ್ ಬಂದ್ ಮಾಡು. ನಾಲ್ಕನೇ ಹೆಜ್ಜೆ: ಕಂಡೆನ್ಸರಿನ ತಂತಿ ಬಿಚ್ಚು. ಬೆರಳು ನಿಂತಿತು. ಹಿಂದಕ್ಕೆ ಹೋದಳು. ಮತ್ತೆ ಓದಿದಳು.

"ನಡುವಿಂದು ಎಲ್ಲಿ?"

"ಯಾವುದು ವೈನಿ?"

"ಕೆಂಪು ಡಬ್ಬಿ."

ಕರೆಂಟಿನ ಮೂರು ಫೇಸಿನಲ್ಲಿ ಎರಡೇ ಬಂದರೂ ಮೋಟಾರು ಓಡಲಿ ಅಂತ ಈ ಕಡೆ ಎಲ್ಲರೂ ಸ್ಟಾರ್ಟರ್ ಪಕ್ಕ ಕಂಡೆನ್ಸರ್ ಹಚ್ಚಿರುತ್ತಾರೆ. ಮೇನ್ ಬಂದ್ ಮಾಡಿದರೂ ಅದು ಹೊಟ್ಟೆಯಲ್ಲಿ ಕರೆಂಟು ಇಟ್ಟುಕೊಂಡು ಕೂತಿರುತ್ತದೆ. ಸತ್ತಂಗೆ ಬಿದ್ದ ಹಾವು. ಬಲ್ಬು ಹಚ್ಚಿ ಖಾಲಿ ಮಾಡಿ ಆಮೇಲೆ ಮುಟ್ಟಬೇಕು. ಆ ಡಬ್ಬಿಯಲ್ಲಿ ಇದ್ದದ್ದು ಅದೇ ಮಾತು.

ಅಸದ ಒಂದೊಂದೇ ಪುಟ ತೆಗೆದು ನೋಡಿದ. ಮುಖ ಸಣ್ಣದಾಯಿತು. ಅರವತ್ತೊಂದರಲ್ಲಿ ಒಂದೂ ಇರಲಿಲ್ಲ. ಪುಟದ ತುದಿಗೆ ಮಾತ್ರ ಒಂದು ಸಾಲು ಹಂಗೇ ಇತ್ತು: ಬರೆದವರು, ದೇವಿಂದ್ರ, ಶಹಾಪುರ.

"ಇಂಟರ್ನೆಟ್ಟಿನ್ಯಾಗ ಪಾಳಿಯ ಜಾಗದಾಗ ದೂರು ಬರೀತೀನಿ ವೈನಿ. ನಂಬರ್ ಕೊಡ್ತಾರ, ನೋಡಿ ಸರಿ ಮಾಡ್ತಾರ."

"ಅವನಿಗೆ ಫೋನು ಹಚ್ಚಿ ಹೇಳೋ."

"ಪುಕ್ಕಟೆ ಮಾಡ್ಯಾನ ವೈನಿ, ತನ್ನ ಟೈಮು ಹಾಕಿ. ಒಮ್ಮೆಗೇ ತಪ್ಪು ತೋರಿಸಿದ್ರ ಬ್ಯಾಸರ ಮಾಡ್ಕೋತಾನ."

ಅಸದ ಒಳ್ಳೆಯವನು. ಒಳ್ಳೆಯವರದು ಇದೇ ಕರ್ಮ. ಮನುಷ್ಯ ಸತ್ತರೂ ಚಿಂತೆಯಿಲ್ಲ, ಇನ್ನೊಬ್ಬನಿಗೆ ಬೇಸರ ಆಗಬಾರದು. ಸುಂದ್ರಮ್ಮನಿಗೆ ಅಂದೇ ಹೇಸಿಗೆ ಹುಟ್ಟಿತು.

ದೂರಿಗೆ ನಂಬರ್ ಬಂತು. ಪಾಳಿ ನೋಡಿಕೊಳ್ಳುವ ಮಂದಿಯಿಂದ ಉತ್ತರವೂ ಬಂತು. 'ನೋಟದ ಸಣ್ಣ ಲೋಪ. ಮುಂದಿನ ಆವೃತ್ತಿಯಲ್ಲಿ ನೋಡೋಣ.' ಅಸದ ಅದನ್ನು ಓದಿ ಹೇಳಿದಾಗ ಸುಂದ್ರಮ್ಮ ಕೇಳಿದಳು.

"ನೋಟದ್ದು ಅಂದ್ರ?"

"ಚೆಂದಕ್ಕ ಸಂಬಂಧಪಟ್ಟದ್ದು ಅಂತ."

"ಥೂ," ಎಂದಳು.

ಇಪ್ಪತ್ತು ದಿನ ಹೋಯಿತು. ಶಿರವಾಳದಿಂದ ಮಲ್ಲಿಕಮ್ಮ ಬಂದಳು. ಮೂರು ಎಕರೆಯವಳು, ದೇವಿಂದ್ರನನ್ನು ಅಣ್ಣ ಅನ್ನುತ್ತಿದ್ದವಳು. ಬಲಗೈಗೆ ಪ್ಲಾಸ್ಟರ್, ಕೊರಳಿಗೆ ಜೋಲಿ. ಅಂಗೈಯಲ್ಲಿ ಕರ್ರಗೆ ಎರಡು ಬೊಟ್ಟಿನಷ್ಟು ಸುಟ್ಟ ಗುರುತು. ಜತೆಗೆ ಆಕೆಯ ಮೈದುನ.

"ಏನಾತು ಮಲ್ಲಿಕಮ್ಮ?"

"ಪಾಳಿ ಬೋರ್ಡು ಬದಲಿ ಮಾಡೂದಿತ್ತು ಯಕ್ಕಾ. ಅಣ್ಣ ಇದ್ದಿದ್ರ ಅಣ್ಣನ್ನೇ ಕರೀತಿದ್ದೆ. ಅಣ್ಣ ಇಲ್ಲ, ಅಣ್ಣನ ಪುಟ ಅದಲ್ಲ ಅಂತ ನಾನೇ ಕೂತೆ. ಮೇನ್ ಬಂದ್ ಮಾಡಿದೆ ಯಕ್ಕಾ, ದೇವ್ರಾಣೆ ಮಾಡಿದೆ. ಆಮ್ಯಾಲೆ ತಂತಿ ಬಿಚ್ಚು ಅಂತಿತ್ತು, ಬಿಚ್ಚಲಾಕ ಹೋದೆ. ಕತ್ತೆ ಒದ್ದಂಗ ಒದೀತು. ಪಂಪಿನ ಮನಿ ಹೊಸ್ತಿಲದ ಮ್ಯಾಲೆ ಬಿದ್ದೆ, ಮೊಣಕೈ ಮುರೀತು."

ಮೈದುನ ಅಂಗಳದಲ್ಲೇ ನಿಂತು ಅಂದ. "ಸತ್ತವನ ಮಾತು ಕೇಳ್ಕೊಂತ ಹೋಗಿ ನೀನೂ ಸಾಯ್ತಿದ್ದಿ. ಆಂವಗೇನು, ಬರದು ಹೋದ."

ಮಲ್ಲಿಕಮ್ಮ "ಸುಮ್ನಿರೋ" ಎಂದಳು. ಆದರೆ ಆ ಮಾತು ಅಂಗಳದಲ್ಲೇ ಬಿದ್ದಿತ್ತು. ಸುಂದ್ರಮ್ಮ ಅವರಿಗೆ ಚಹಾ ಕೊಟ್ಟಳು. ಮಲ್ಲಿಕಮ್ಮನ ಕಪ್ಪು ತಾನೇ ಹಿಡಿದು ಕುಡಿಸಿದಳು. ಅವರು ಹೋದ ಮೇಲೆ ಅಂಗಳ ಗುಡಿಸಿದಳು. ಮತ್ತೆ ಗುಡಿಸಿದಳು. ಮಾತು ಹೋಗಲಿಲ್ಲ.

ಕರೆಂಟು ಅವನಿಗೆ ಬದುಕಿರುವಾಗ ಏನೂ ಮಾಡಿರಲಿಲ್ಲ. ಸತ್ತ ಮೇಲೆ ಹೆಸರಿಗೆ ಹೊಡೆಯಿತು.

ಎರಡು ದಿನಕ್ಕೆ ಅಸದನ ಫೋನು ಬಂತು. ಹೊಸ ಪುಸ್ತಕಕ್ಕೆ ಯಾದಗಿರಿಯಲ್ಲಿ ಕಾರ್ಯಕ್ರಮ, ದೇವಿಂದ್ರನ ಫೋಟೋಕ್ಕೆ ಮಾಲೆ, ಸುಂದ್ರಮ್ಮನಿಗೆ ಸನ್ಮಾನ. ಆಕೆ ಬರುವುದಿಲ್ಲ ಅನ್ನುತ್ತಾಳೆಂದು ಅಸದ ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದ. ಆಕೆ "ಬರ್ತೀನಿ" ಎಂದಳು. ಅಸದನಿಗೆ ಅಲ್ಲೇ ಅಂಜಿಕೆಯಾಗಬೇಕಿತ್ತು.

ಹೋಗುವ ಮುಂಚೆ ಅಂಗಡಿ ಬೀಗ ತೆಗೆದಳು. ಒಂಬತ್ತು ತಿಂಗಳಲ್ಲಿ ಎರಡನೇ ಸಲ. ಮೂಲೆಯಿಂದ ಒಂದು ಕಂಡೆನ್ಸರ್ ತೆಗೆದಳು. ತಂತಿ, ಪಿನ್ನು, ಹಿಡಿಕೆಗೆ ರಬ್ಬರ್ ಸುತ್ತಿದ ಅವನ ಸ್ಕ್ರೂಡ್ರೈವರ್. ಎಲ್ಲ ಕೈಚೀಲಕ್ಕೆ ಹಾಕಿದಳು. ಬಸ್ಸಿನಲ್ಲಿ ಚೀಲ ತೊಡೆಯ ಮೇಲೇ ಇಟ್ಟುಕೊಂಡಳು.

ಸಭಾಭವನದಲ್ಲಿ ನಲವತ್ತು ಮಂದಿ ಇದ್ದರು. ಗಂಡನ ಫೋಟೋ ದೊಡ್ಡದು ಮಾಡಿಸಿದ್ದರು. ಮಾಲೆ ಮಲ್ಲಿಗೆಯದಲ್ಲ, ಪ್ಲಾಸ್ಟಿಕ್ಕಿನದು. ಬಸವಕುಮಾರ ಮಾತಾಡಿದ. ಇಸ್ತ್ರಿ ಅಂಗಿ, ಇಸ್ತ್ರಿ ಮಾತು. ಮುನ್ನೂರು ಹನ್ನೆರಡು ಪುಟ, ಒಂದೇ ದಿನ, ಒಂದೂ ದೋಷ ಇಲ್ಲದೆ ಅಂದ. ಹಳೆಯದು ಭಾರ ಇತ್ತು, ಈಗ ಹಗುರ ಆಯಿತು ಅಂದ. ಮಂದಿ ಚಪ್ಪಾಳೆ ತಟ್ಟಿದರು. ಸುಂದ್ರಮ್ಮನ ಕೈ ಚೀಲದ ಮೇಲೇ ಇತ್ತು. ಹಗುರ ಆಗದೆ ಏನು? ಹೆಣದಿಂದ ಎಲುಬು ತೆಗೆದರೂ ಹಗುರ ಆಗುತ್ತದೆ.

ಶಾಲು ಹೊದಿಸಲು ಕರೆದರು. ಹೋದಳು. ಹಣ್ಣಿನ ತಾಟು ಕೊಟ್ಟರು, ಇಸಕೊಂಡಳು.

"ಎರಡು ಮಾತು ಆಡ್ರಿ ಅಮ್ಮಾರ," ಎಂದು ಬಸವಕುಮಾರ ಮೈಕು ಚಾಚಿದ.

"ಮಾತು ಬರೂದಿಲ್ಲಪ್ಪ ನನಗ. ಕೆಲಸ ಬರ್ತದ," ಎಂದಳು. ತಾಟು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಕಂಡೆನ್ಸರ್ ಇಟ್ಟು, ಪಿನ್ನಿನ ತಂತಿ ಅದಕ್ಕೆ ಹಚ್ಚಿದಳು. ಗೋಡೆಯ ಪ್ಲಗ್ಗಿಗೆ ಪಿನ್ನು ಚುಚ್ಚಿದಳು, ಸ್ವಿಚ್ ಹಾಕಿದಳು, ಬಂದ್ ಮಾಡಿದಳು, ಪಿನ್ನು ಕಿತ್ತಳು. ಕಿತ್ತದ್ದನ್ನು ಎಲ್ಲರಿಗೂ ಕಾಣುವಂಗೆ ಎತ್ತಿ ಹಿಡಿದಳು.

"ನೀ ತಿರುಗಿಸಿದ ಪುಟ ತೆಗಿ. ಬೋರ್ಡು ಕೂಡಿಸೂದು. ಮೂರನೇದು ಓದು."

ಬಸವಕುಮಾರ ನಕ್ಕ. ಮುದುಕಿಯರ ಆಟಕ್ಕೆ ನಗುವಂಗೆ. ಫೋನು ತೆಗೆದು ಓದಿದ. "ಮೇನ್ ಬಂದ್ ಮಾಡು."

"ಮಾಡೀನಿ. ಪಿನ್ನೇ ಕಿತ್ತೀನಿ. ನಾಲ್ಕನೇದು?"

"ಕಂಡೆನ್ಸರಿನ ತಂತಿ ಬಿಚ್ಚು."

"ಬಿಚ್ಚು ಮತ್ತ."

ಅವನು ಸುತ್ತ ನೋಡಿದ. ಕರೆಂಟೇ ಇಲ್ಲ, ಅಂಜುವುದು ಏನಿದೆ ಅಂದುಕೊಂಡನೇನೋ. ಕೈ ಚಾಚಿದ. ಹಿಂದಿನ ಸಾಲಿನಿಂದ ಅಸದ "ಏ! ಮುಟ್ಟಬ್ಯಾಡ!" ಎಂದು ಕೂಗಿದ. ಬಸವಕುಮಾರನ ಕೈ ಅಲ್ಲೇ ನಿಂತಿತು. ಸುಂದ್ರಮ್ಮ ಸ್ಕ್ರೂಡ್ರೈವರ್ ಎತ್ತಿ ಎರಡೂ ತುದಿಗೆ ಅಡ್ಡ ಇಟ್ಟಳು. ಫಟ್ ಎಂದು ಸಿಡಿಯಿತು. ನೀಲಿ ಕಿಡಿ. ಮುಂದಿನ ಸಾಲಿನವರು ಕುರ್ಚಿ ಸಮೇತ ಹಿಂದಕ್ಕೆ ಹೋದರು. ಸ್ಕ್ರೂಡ್ರೈವರಿನ ಮೂತಿ ಕರ್ರಗಾಯಿತು.

"ಈಗ ಅಸದ ಅಂದನಲ್ಲ, ಆ ಮಾತು ಇತ್ತು ಮೂರು ನಾಲ್ಕರ ನಡುವ. ನನ್ನ ಗಂಡ ಬರದಿದ್ದ. ನೀ ತಗದಿ. ಶಿರವಾಳದಾಗ ಮಲ್ಲಿಕಮ್ಮ ಅಂತ ಅದಾಳ, ನಿನ್ನ ಪುಟ ಓದಿ ಕೈ ಮುರ್ಕೊಂಡು ಕೂತಾಳ. ಆಕಿ ಮಂದಿ ನನ್ನ ಗಂಡಗ ಬೈತಾರ. ನಿನಗಲ್ಲ."

"ನಾ ತಗದಿಲ್ರಿ ಅಮ್ಮಾರ," ಎಂದ ಬಸವಕುಮಾರ. ದನಿ ಇಳಿದಿತ್ತು. "ಪ್ರೋಗ್ರಾಮಿಗೆ ಆ ಹೆಸರು ಗೊತ್ತಿರಲಿಲ್ಲ. ಗೊತ್ತಿಲ್ಲದ ಡಬ್ಬಿ ಬಂದ್ರ ಬಿಟ್ಟು ಮುಂದ ಹೋಗ್ತದ. ಎಚ್ಚರಿಕೆ ಅಂತ ಇದ್ದಿದ್ರ ತಿಳೀತಿತ್ತು. ಮುಟ್ಟಬ್ಯಾಡ ಅಂತ ಯಾರೂ ಹೆಸರಿಡೂದಿಲ್ರಿ."

ಅಸದ ಮುಂದೆ ಬಂದ. ಅವತ್ತು ಮೊದಲ ಸಲ ಅವನ ದನಿ ಗಟ್ಟಿ ಇತ್ತು. "ಬಿಟ್ಟಾಗೆಲ್ಲ ಹೇಳ್ತದಲ್ಲ ಅದು? ಬಿಟ್ಟೀನಿ, ನೋಡು ಅಂತ ಒಂದು ಸಾಲು ಬರೀತದ. ಅರವತ್ತೊಂದು ಸಾಲು ಬಂದಿರಬೇಕು."

"ಬಂದಿದ್ವು," ಎಂದ ಬಸವಕುಮಾರ. "ಪರದೆ ತುಂಬ ಬರ್ಲಾಕತ್ತಿದ್ವು. ಅದಕ್ಕ... ಬಂದ್ ಮಾಡಿದ್ದೆ."

ಮಷಿನ್ನು ಅರವತ್ತೊಂದು ಸಲ ಕೂಗಿ ಹೇಳಿದೆ. ಇವನು ಅದರ ಬಾಯಿ ಮುಚ್ಚಿದ್ದಾನೆ. ಮುಚ್ಚಿ, ಒಂದೂ ದೋಷ ಇಲ್ಲ ಎಂದು ಮೈಕು ಹಿಡಿದು ಹೇಳಿದ್ದಾನೆ. ಸುಂದ್ರಮ್ಮನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಎದುರಿಗೆ ಮನುಷ್ಯ ಬೇಕು. ಸಂಡಾಸಿನ ಬಾಗಿಲು ತೆಗೆದಾಗ ಆಗುವಂಥದ್ದು ಆಯಿತು ಆಕೆಗೆ.

ಹೆಗಲ ಮೇಲಿನ ಶಾಲು ತೆಗೆದು ಸ್ಕ್ರೂಡ್ರೈವರಿನ ಮಸಿ ಒರೆಸಿದಳು. ಮಡಚಿ ತಾಟಿನ ಮೇಲೆ ಇಟ್ಟಳು.

"ಎರಡರಾಗ ಒಂದು ಮಾಡು. ಆ ಡಬ್ಬಿ ವಾಪಸ್ ಹಾಕು, ಇಲ್ಲಂದ್ರ ನನ್ನ ಗಂಡನ ಹೆಸರು ತಗಿ. ಎಲುಬಿಲ್ಲದ ಪುಟಕ್ಕ ಅವರ ಹೆಸರು ಬ್ಯಾಡ."

"ಹಾಕ್ತೀನ್ರಿ. ಇವತ್ತ ಸಂಜೀಗೇ, ಪ್ರೋಗ್ರಾಂ ತಿದ್ದಿ ಒಮ್ಮೆಗೇ..."

"ಒಮ್ಮೆಗೇ ಬ್ಯಾಡ. ಇವತ್ತು ಹಳೇ ಪುಟಾನೇ ಹೊಳ್ಳಿ ಹಾಕು. ಹೊಸಾವು ಒಂದೊಂದು ನನ್ನ ಮುಂದ ಓದು. ಶಹಾಪುರಕ್ಕ ಬಾ. ಅಂಗಡ್ಯಾಗ ಸ್ಟೂಲ್ ಅದ."

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ದೊಣ್ಣೆಯನ್ನೇ ತಂದು ಕುಂಬಾರನ ಚಕ್ರದ ಮುಂದೆ ಕೂಡಿಸಿದಳು ಆಕೆ.

ಬಸವಕುಮಾರ ಬಂದ. ಅದೊಂದು ಮೆಚ್ಚಬೇಕು. ಒಂಬತ್ತು ದಿನ ಬಸ್ಸು ಹಿಡಿದು ಬಂದ. ಇಸ್ತ್ರಿ ಅಂಗಿಗೆ ಗ್ರೀಸ್ ಹತ್ತಿತು. ಅವನು ಓದುತ್ತಿದ್ದ, ಆಕೆ ಸ್ಟಾರ್ಟರ್ ಡಬ್ಬಿ ಮುಂದಿಟ್ಟುಕೊಂಡು ಮಾಡುತ್ತಿದ್ದಳು. ಆಕೆಯ ಕೈ ನಿಂತರೆ ಅವನ ಬಾಯಿ ನಿಲ್ಲುತ್ತಿತ್ತು. ಹೊಸ ಯಂತ್ರ ಎಚ್ಚರಿಕೆ ಅನ್ನುವುದನ್ನು ಮಾತ್ರ ಕೆಂಪು ಮಾಡುತ್ತದೆ, ಬೇರೆ ಹೆಸರು ಒಪ್ಪುವುದಿಲ್ಲ ಎಂದು ಮೊದಲ ದಿನ ಅಂದ. "ಕಲಿಸು ಅದಕ್ಕ. ಹಳೇದು ಕಲ್ತಿತ್ತು," ಎಂದಳು. ಕಲಿಸಿದ. ಆಕೆ ಒಂದು ದಿನವೂ ಚಹಾ ಕೊಡಲಿಲ್ಲ. ನೀರು ಕೊಟ್ಟಳು.

ಒಂಬತ್ತನೇ ದಿನ ಅರವತ್ತನೆಯದು ಮುಗಿಯಿತು. ಒಂದು ಉಳಿಯಿತು. ಬಸವಕುಮಾರ ಅದನ್ನು ತೆಗೆದು ಓದಿದ.

"ಮುಟ್ಟಬ್ಯಾಡ. ತಲಿ ತಿರುಗತಿದ್ರ, ಕಣ್ಣಿಗೆ ಕತ್ತಲಿ ಬರ್ತಿದ್ರ, ಸ್ಟಾರ್ಟರ್ ಡಬ್ಬಿ ತೆಗೀಬ್ಯಾಡ. ಮನ್ಯಾಗ ಹೇಳು. ನಾಳೆ ಮಾಡು."

ಸುಂದ್ರಮ್ಮನ ಕೈ ನಿಂತಿತು.

"ಇದು ನಾ ಕೇಳಿಲ್ಲ."

"ಹಳೇದರಾಗೇ ಅದರಿ. ನಾ ಏನೂ ಸೇರಿಸಿಲ್ಲ." ಅವನು ಗಾಬರಿಯಾಗಿ ಪರದೆ ತಿರುಗಿಸಿ ತೋರಿಸಿದ. ಬರೆದ ತಾರೀಖು ಇತ್ತು. ದೇವಿಂದ್ರ ವಾಲಿದ್ದಕ್ಕೆ ಹನ್ನೊಂದು ದಿನ ಮುಂಚೆ.

ಮುನ್ನೂರು ಹನ್ನೆರಡು ಪುಟ ಆಕೆಗೆ ಓದಿ ಹೇಳಿದವನು ಇದೊಂದನ್ನು ಓದಿರಲಿಲ್ಲ. ತಲೆ ತಿರುಗುತ್ತದೆ ಅಂತ ಊರಿಗೆಲ್ಲ ಬರೆದ. ಶಿರವಾಳಕ್ಕೆ, ಕಡೇಚೂರಿಗೆ, ಹೆಸರೇ ಗೊತ್ತಿಲ್ಲದ ಊರಿಗೆ. ಮನೆಯಲ್ಲಿ ಹೇಳು ಅಂತ ಮಂದಿಗೆ ಬುದ್ಧಿ ಹೇಳಿದ. ತನ್ನ ಮನೆಯಲ್ಲಿ ಹೇಳಲಿಲ್ಲ. ಬಿಸಿ ರೊಟ್ಟಿ ತಿಂದ, ಕೈ ತೊಳೆದ, ಅಂಗಡಿಗೆ ಹೋದ. ಹನ್ನೊಂದು ದಿನ.

ಆಕೆ ಎದ್ದು ಹೊರಗೆ ಹೋದಳು. ಚರಂಡಿಗೆ ಉಗುಳಿದಳು. ಬಸವಕುಮಾರನ ಮೇಲೆ ಇದ್ದ ಹೇಸಿಗೆ ಈಗ ಸಣ್ಣದು ಅನ್ನಿಸಿತು. ಎಲ್ಲ ಗಂಡಸರೂ ಒಂದೇ. ಮಷಿನ್ನು ಕೂಗಿದರೆ ಬಾಯಿ ಮುಚ್ಚುತ್ತಾರೆ, ಮೈ ಕೂಗಿದರೂ ಬಾಯಿ ಮುಚ್ಚುತ್ತಾರೆ. ರಸ್ತೆಯಲ್ಲಿ ಭೀಮರಾಯನಗುಡಿಯ ಬಸ್ಸು ಹೋಯಿತು. ಧೂಳು ಇಳಿಯುವ ತನಕ ನಿಂತಳು.

ಒಳಗೆ ಬಂದಾಗ ಬಸವಕುಮಾರ ಸ್ಟೂಲಿನ ಮೇಲೆ ಕೂತೇ ಇದ್ದ. ದೇವಿಂದ್ರ ಕೂತ ಸ್ಟೂಲು.

"ಅಮ್ಮಾರ, ಇದನ್ನ ಬಿಡೂದೇನ್ರಿ? ನೀವು ಕೇಳಿಲ್ಲ ಅಂದ್ರಲ್ಲ."

"ಹಾಕು."

"ಇದು ಕಡೀ ಪುಟದಾಗ ಅದರಿ, ಎಲ್ಲಾದಕಿಂತ ಕೆಳಗ. ಅಲ್ಲೇ ಹಾಕ್ಲಿ?"

"ಅಲ್ಲಿ ಯಾರು ನೋಡ್ತಾರ?" ಎಂದಳು ಸುಂದ್ರಮ್ಮ. ಸ್ಕ್ರೂಡ್ರೈವರ್ ಕೈಗೆ ತಗೊಂಡಳು. "ಒಂದನೇ ಪುಟದಾಗ, ಒಂದನೇ ಹೆಜ್ಜಿಗಿಂತ ಮೊದಲ ಹಾಕು. ಹಾಕಿ ಹೊಳ್ಳಿ ಓದು. ನನಗ ಕೇಳಬೇಕು, ಜೋರಾಗಿ ಓದು."